ಘ್ರಾಣವಿಜ್ಞಾನ

ಘ್ರಾಣವಿಜ್ಞಾನವು ವಾಸನೆಯ ಗ್ರಹಿಕೆಯನ್ನು ಕುರಿತ ಅಧ್ಯಯನ. ವಸ್ತುಗಳಿಂದ ಹೊರಟ ಅಣುಗಳು ಮೂಗನ್ನು ಸೇರುವ ಬಗೆ, ಅವನ್ನು ನರಕೋಶಗಳು ಗುರುತಿಸುವ ಕ್ರಮ, ಮಿದುಳು ಅದನ್ನು ಪರಿಮಳವೆಂದೋ ದುರ್ವಾಸನೆಯೆಂದೋ ಅರಿಯುವ ರೀತಿ ಇದರ ಮುಖ್ಯ ವಿಷಯಗಳು. ಶರೀರವಿಜ್ಞಾನ, ರಸಾಯನವಿಜ್ಞಾನ, ತಳಿವಿಜ್ಞಾನ ಮತ್ತು ಮನೋವಿಜ್ಞಾನಗಳು ಇಲ್ಲಿ ಒಂದುಗೂಡುತ್ತವೆ. ರೋಗಪತ್ತೆ, ಸುಗಂಧದ್ರವ್ಯ ಹಾಗೂ ಆಹಾರ ತಯಾರಿಕೆ, ಅನಿಲ ಸೋರಿಕೆಯ ಎಚ್ಚರಿಕೆ ಮುಂತಾದ ಕ್ಷೇತ್ರಗಳಲ್ಲಿ ಈ ಜ್ಞಾನ ಬಳಕೆಯಲ್ಲಿದೆ.

ಹಿನ್ನೆಲೆ

ಭಾರತೀಯ ದರ್ಶನಗಳಲ್ಲಿ ಘ್ರಾಣವು ಪಂಚ ಜ್ಞಾನೇಂದ್ರಿಯಗಳಲ್ಲಿ ಒಂದು. ನ್ಯಾಯ-ವೈಶೇಷಿಕ ಮತದಂತೆ ಗಂಧವು ಪೃಥ್ವಿಯ ವಿಶೇಷ ಗುಣ; ಅದು ಸುರಭಿ ಮತ್ತು ಅಸುರಭಿ ಎಂದು ಎರಡು ವಿಧ. ರೋಗಿಯನ್ನು ಪರೀಕ್ಷಿಸುವಾಗ ವೈದ್ಯನು ಬಳಸಬೇಕಾದ ಇಂದ್ರಿಯಗಳಲ್ಲಿ ಸುಶ್ರುತ ಸಂಹಿತೆಯು ಮೂಗನ್ನೂ ಸೇರಿಸಿದೆ. ಯೂರೋಪಿನಲ್ಲಿ 18ನೆಯ ಶತಮಾನದಲ್ಲಿ ಕಾರ್ಲ್ ಲಿನೇಯಸ್ ವಾಸನೆಗಳನ್ನು 7 ವರ್ಗಗಳಾಗಿ ವಿಂಗಡಿಸಿದನು. 19ನೆಯ ಶತಮಾನದಲ್ಲಿ ಪಾಲ್ ಬ್ರೋಕಾನ ಬರಹಗಳಿಂದಾಗಿ ಮನುಷ್ಯನ ಘ್ರಾಣಶಕ್ತಿ ತೀರ ಕ್ಷೀಣವಾದುದೆಂಬ ಅಭಿಪ್ರಾಯ ಬೇರೂರಿತು. ಇತ್ತೀಚಿನ ಸಂಶೋಧನೆಗಳು ಇದನ್ನು ಒಪ್ಪುವುದಿಲ್ಲ. ಮಳೆ ಬಿದ್ದ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವು ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು.

ವಾಸನೆ ತಿಳಿಯುವ ಕ್ರಮ

ಸುಲಭವಾಗಿ ಆವಿಯಾಗುವ ವಸ್ತುಗಳಿಗೆ ಮಾತ್ರ ವಾಸನೆಯಿರುತ್ತದೆ. ಉಸಿರಿನೊಡನೆ ಒಳಬಂದ ಅಣುಗಳು ಮೂಗಿನ ಮೇಲ್ಭಾಗದ ಘ್ರಾಣಪೊರೆಯ ಲೋಳೆಯಲ್ಲಿ ಕರಗುತ್ತವೆ. ಅಲ್ಲಿರುವ ನರಕೋಶಗಳ ಸೂಕ್ಷ್ಮ ರೋಮಗಳ ಮೇಲಿನ ಗ್ರಾಹಕ ಪ್ರೋಟೀನುಗಳಿಗೆ ಅಣುಗಳು ಅಂಟಿಕೊಂಡಾಗ ವಿದ್ಯುತ್ ಸಂಕೇತ ಹುಟ್ಟುತ್ತದೆ. ಈ ಸಂಕೇತವು ಜರಡಿಯಂತೆ ರಂಧ್ರಗಳಿರುವ ತೆಳುವಾದ ಮೂಳೆಯನ್ನು ದಾಟಿ, ಮಿದುಳಿನ ತಳದಲ್ಲಿರುವ ಘ್ರಾಣಪಿಂಡವನ್ನು ಸೇರುತ್ತದೆ. ಇತರ ಇಂದ್ರಿಯಗಳ ಸಂಕೇತಗಳು ಮೊದಲು ಥಲಾಮಸ್ ಎಂಬ ಭಾಗವನ್ನು ಹಾದು ಹೋಗುತ್ತವೆ. ವಾಸನೆಯ ಸಂಕೇತವಾದರೋ ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಭಾಗಗಳನ್ನು ನೇರವಾಗಿ ತಲಪುತ್ತದೆ. ವಾಸನೆಯೊಂದು ಹಳೆಯ ನೆನಪನ್ನು ಥಟ್ಟನೆ ಎಬ್ಬಿಸುವುದಕ್ಕೆ ಇದು ಕಾರಣವಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ.

1991ರಲ್ಲಿ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು ಘ್ರಾಣಗ್ರಾಹಕಗಳನ್ನು ರೂಪಿಸುವ ಜೀನುಗಳ ದೊಡ್ಡ ಸಮೂಹವನ್ನು ಕಂಡುಹಿಡಿದರು. ಇದಕ್ಕಾಗಿ ಅವರಿಗೆ 2004ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕಾರ್ಯನಿರತವಾಗಿವೆ. ಒಂದು ಅಣು ಹಲವು ಗ್ರಾಹಕಗಳನ್ನು ಪ್ರಚೋದಿಸಬಲ್ಲದು. ಒಂದು ಗ್ರಾಹಕ ಹಲವು ಅಣುಗಳಿಗೆ ಸ್ಪಂದಿಸಬಲ್ಲದು. ಅಕ್ಷರಗಳು ಕೂಡಿ ಪದಗಳಾಗುವಂತೆ ಈ ಸಂಯೋಜನೆಗಳಿಂದ ಅಸಂಖ್ಯ ವಾಸನೆಗಳು ಬೇರೆಬೇರೆಯಾಗಿ ತಿಳಿಯುತ್ತವೆ. ಅಣುವಿನ ಆಕಾರಕ್ಕೂ ಇಲ್ಲಿ ಮಹತ್ವವಿದೆ. ಕಾರ್ವೋನ್ ಎಂಬ ವಸ್ತುವಿನ ಎರಡು ರೂಪಗಳು ಎಡಗೈ-ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳು. ಒಂದಕ್ಕೆ ಪುದೀನದ ವಾಸನೆ, ಇನ್ನೊಂದಕ್ಕೆ ಶಾಜೀರಿಗೆಯ ವಾಸನೆ.

ವೈದ್ಯಕೀಯ ಉಪಯೋಗಗಳು

ಕೆಲವು ರೋಗಗಳಲ್ಲಿ ದೇಹದ ವಾಸನೆ ಬದಲಾಗುತ್ತದೆ. ಮಧುಮೇಹ ತೀವ್ರಗೊಂಡು ರಕ್ತದಲ್ಲಿ ಕೀಟೋನುಗಳು ಹೆಚ್ಚಿದಾಗ ಉಸಿರಿಗೆ ಹಣ್ಣಿನಂತಹ ವಾಸನೆ ಬರುತ್ತದೆ. ಇದು ತುರ್ತು ಚಿಕಿತ್ಸೆ ಬೇಕೆಂಬುದರ ಸೂಚನೆ. ಟ್ರೈಮೀಥೈಲಮಿನೂರಿಯ ಎಂಬ ದೋಷವುಳ್ಳವರ ಬೆವರಿಗೆ ಮೀನಿನ ವಾಸನೆಯಿರುತ್ತದೆ. ಸ್ಕಾಟ್ಲೆಂಡಿನ ಒಬ್ಬ ಮಹಿಳೆ ತನ್ನ ಪತಿಗೆ ಪಾರ್ಕಿನ್ಸನ್ ಕಾಯಿಲೆಯಿದೆಯೆಂದು ವೈದ್ಯರು ಹೇಳುವುದಕ್ಕೆ ವರ್ಷಗಳ ಮೊದಲೇ ಅವರ ಮೈವಾಸನೆ ಬದಲಾದುದನ್ನು ಗಮನಿಸಿದ್ದರು. ಎಡಿನ್‌ಬರೋದಲ್ಲಿ ನಡೆದ ಪರೀಕ್ಷೆಯಲ್ಲಿ ಆಕೆ ರೋಗಿಗಳು ತೊಟ್ಟ ಅಂಗಿಗಳನ್ನೆಲ್ಲ ಸರಿಯಾಗಿ ಗುರುತಿಸಿದರು. ಆರೋಗ್ಯವಂತನೆಂದು ತಿಳಿಯಲಾಗಿದ್ದ ಒಬ್ಬನ ಅಂಗಿಗೂ ಅದೇ ವಾಸನೆಯಿದೆಯೆಂದರು. ಕೆಲವು ತಿಂಗಳ ನಂತರ ಅವನಿಗೂ ಆ ಕಾಯಿಲೆ ಪತ್ತೆಯಾಯಿತು. ಚರ್ಮದ ಜಿಡ್ಡಿನಲ್ಲಿ ಈ ವಾಸನೆಗೆ ಕಾರಣವಾದ ವಸ್ತುಗಳನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡವು ಬಳಿಕ ಗುರುತಿಸಿತು. ಟಾಂಜಾನಿಯದಲ್ಲಿ ಅಪೋಪೊ ಸಂಸ್ಥೆಯು ತರಬೇತಿ ಪಡೆದ ದೊಡ್ಡ ಇಲಿಗಳ ಮೂಲಕ ಕಫದ ಮಾದರಿಗಳಲ್ಲಿ ಕ್ಷಯರೋಗವನ್ನು ಪತ್ತೆಮಾಡಿಸುತ್ತಿದೆ.

ವಾಸನೆ ತಿಳಿಯದಿರುವ ಸ್ಥಿತಿಗೆ ಅನಾಸ್ಮಿಯ ಎಂದು ಹೆಸರು. ನೆಗಡಿ, ತಲೆಯ ಪೆಟ್ಟು, ಮೂಗಿನೊಳಗಿನ ದುರ್ಮಾಂಸ, ವೈರಾಣು ಸೋಂಕು ಇದಕ್ಕೆ ಕಾರಣವಾಗಬಹುದು. ಪಾರ್ಕಿನ್ಸನ್ ಮತ್ತು ಆಲ್ಝೈಮರ್ ಕಾಯಿಲೆಗಳಲ್ಲಿ ಇತರ ಲಕ್ಷಣಗಳಿಗಿಂತ ಮೊದಲೇ ಇದು ಕಾಣಿಸಿಕೊಳ್ಳುವುದುಂಟು. 2020ರಿಂದ ಕೋವಿಡ್-19 ರೋಗದ ಕಾರಣ ಲಕ್ಷಾಂತರ ಮಂದಿ ಈ ಸ್ಥಿತಿಯನ್ನು ಅನುಭವಿಸಿದರು. ಅನಾಸ್ಮಿಯ ಉಳ್ಳವರಿಗೆ ಊಟದ ರುಚಿ ಕೆಡುವುದಲ್ಲದೆ ಹಳಸಿದ ಆಹಾರ, ಹೊಗೆ, ಅಡುಗೆ ಅನಿಲದ ಸೋರಿಕೆ ಇವು ತಿಳಿಯದೆ ಅಪಾಯವೊದಗುತ್ತದೆ. ಘ್ರಾಣದ ನರಕೋಶಗಳು ಜೀವನಪರ್ಯಂತ ಹೊಸದಾಗಿ ಹುಟ್ಟಬಲ್ಲವು. ಆದ್ದರಿಂದ ಗುಲಾಬಿ, ನಿಂಬೆ, ಲವಂಗ ಮತ್ತು ನೀಲಗಿರಿ ಎಣ್ಣೆಗಳನ್ನು ದಿನಕ್ಕೆ ಎರಡು ಬಾರಿ ಹಲವು ವಾರಗಳ ಕಾಲ ಮೂಸುವ ಅಭ್ಯಾಸವನ್ನು ಚಿಕಿತ್ಸೆಯಾಗಿ ಸೂಚಿಸಲಾಗುತ್ತದೆ; ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದರ ಫಲಿತಾಂಶವನ್ನು ಪ್ರಕಟಿಸಿದರು.

ಉದ್ಯಮದಲ್ಲಿ

ಹೂವು, ಬೇರು, ಮರಗಳಿಂದ ಸುಗಂಧ ತೈಲವನ್ನು ಬಟ್ಟಿ ಇಳಿಸುವುದು ಪುರಾತನ ಕಸುಬು. ಉತ್ತರ ಪ್ರದೇಶದ ಕನ್ನೌಜದಲ್ಲಿ ಒಣಮಣ್ಣಿನ ವಾಸನೆಯನ್ನು ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಟ್ಟು ಮಿಟ್ಟಿ ಅತ್ತರನ್ನು ತಯಾರಿಸುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಶ್ರೀಗಂಧದ ರಫ್ತು ಕುಂಠಿತವಾದಾಗ, 1916ರ ಸುಮಾರಿನಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯ ತಯಾರಿಕೆಯನ್ನು ತಾನೇ ಕೈಗೊಂಡಿತು. ಈ ಎಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣ ಸ್ಯಾಂಟಲಾಲ್ ಎಂಬ ಸಂಯುಕ್ತಗಳು. ಕೃತಕ ಸುಗಂಧಗಳ ಯುಗವು 1868ರಲ್ಲಿ ವಿಲಿಯಂ ಪರ್ಕಿನ್ ಕೂಮರಿನ್ ವಸ್ತುವನ್ನೂ 1874ರಲ್ಲಿ ಟೀಮನ್ ಮತ್ತು ಹಾರ್ಮನ್ ವೆನಿಲಿನ್ ವಸ್ತುವನ್ನೂ ಪ್ರಯೋಗಾಲಯದಲ್ಲಿ ತಯಾರಿಸಿದುದರೊಂದಿಗೆ ಆರಂಭವಾಯಿತು.

ಅಡುಗೆ ಅನಿಲಕ್ಕೆ ಸ್ವತಃ ಗಮನಾರ್ಹ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ಸ್ಫೋಟಗೊಂಡು ಸುಮಾರು 300 ಮಂದಿ ಸತ್ತರು. ಮೃತರಲ್ಲಿ ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯಗೊಳಿಸುವ ನಿಯಮಗಳು ಈ ದುರಂತದ ನಂತರ ವ್ಯಾಪಕವಾದವು.

ಎಲೆಕ್ಟ್ರಾನಿಕ್ ಮೂಗು

ಹಲವು ಸಂವೇದಕಗಳನ್ನು ಒಟ್ಟುಗೂಡಿಸಿ, ಅವುಗಳ ಪ್ರತಿಕ್ರಿಯೆಯ ಮಾದರಿಯಿಂದ ವಾಸನೆಯನ್ನು ಗುರುತಿಸುವ ಯಂತ್ರಕ್ಕೆ ಎಲೆಕ್ಟ್ರಾನಿಕ್ ಮೂಗು ಎನ್ನುತ್ತಾರೆ. 1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಇದರ ಮೊದಲ ಮಾದರಿಯನ್ನು ವಿವರಿಸಿದರು. ಚಹದ ಗುಣಮಟ್ಟ, ಮಾಂಸದ ತಾಜಾತನ ಮುಂತಾದವನ್ನು ಅಳೆಯಲು ಇಂತಹ ಯಂತ್ರಗಳನ್ನು ರೂಪಿಸಲಾಗಿದೆ.

ಮಿತಿಗಳು

ಮೂಗನ್ನು ಮಾತ್ರ ನಂಬುವುದು ಕೆಲವೊಮ್ಮೆ ಪ್ರಾಣಾಂತಕ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಒಳಚರಂಡಿಗಳಲ್ಲಿ ಸಂಗ್ರಹವಾಗುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆಯಿದ್ದರೂ, ಅದರ ಪ್ರಮಾಣ ಹೆಚ್ಚಿದಾಗ ಘ್ರಾಣಶಕ್ತಿ ಜಡವಾಗಿ ವಾಸನೆ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರ, ಅವರನ್ನು ಉಳಿಸಲು ಹೋದವರ ಸಾವಿಗೆ ಇಂತಹ ವಿಷಾನಿಲಗಳು ಕಾರಣವಾಗಿವೆ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ಭಾರತದಲ್ಲಿ 2013ರ ಕಾಯಿದೆಯು ನಿಷೇಧಿಸಿದೆ. ಅನಿಲಮಾಪಕದಿಂದ ಪರೀಕ್ಷಿಸದೆ ಇಂತಹ ಸ್ಥಳಗಳನ್ನು ಪ್ರವೇಶಿಸಬಾರದೆಂಬುದು ಸುರಕ್ಷತೆಯ ಮೂಲನಿಯಮ.