ಮಾವಿನ ಸಿಪ್ಪೆ: ಕಸದಿಂದ ರಸ ತೆಗೆಯುವ ವಿಜ್ಞಾನ

ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ರಸಪುರಿ ಸೀಕರಣೆಯ ಘಮ. ರಸ ಹಿಂಡಿದ ಬಳಿಕ ಸಿಪ್ಪೆ ಕಸದ ಬುಟ್ಟಿಗೆ ಸೇರುತ್ತದೆ. ಮಾವಿನ ತೂಕದಲ್ಲಿ ಸುಮಾರು ಶೇ 15ರಿಂದ 20ರಷ್ಟು ಸಿಪ್ಪೆಯೇ ಇರುತ್ತದೆ. ತಿರುಳು ತಯಾರಿಸುವ ಕಾರ್ಖಾನೆಗಳಲ್ಲಂತೂ ಇದು ರಾಶಿರಾಶಿಯಾಗಿ ಬೀಳುತ್ತದೆ. ನೀರು ಮತ್ತು ಸಕ್ಕರೆಯ ಅಂಶ ಹೆಚ್ಚಿರುವ ಕಾರಣ ಬಹುಬೇಗ ಕೊಳೆತು ದುರ್ನಾತ ಬೀರುತ್ತದೆ, ನೊಣಗಳನ್ನು ಆಕರ್ಷಿಸುತ್ತದೆ. ಆದರೆ ಇದೇ ಸಿಪ್ಪೆ ಉತ್ಕರ್ಷಣ ನಿರೋಧಕಗಳ, ಅಂದರೆ ಆಂಟಿಆಕ್ಸಿಡೆಂಟ್‌ಗಳ, ಉತ್ತಮ ಆಕರ ಎಂಬುದು ಗಮನಾರ್ಹ.

ಮೈಸೂರಿನ ಸಂಶೋಧನೆ

ಈ ವಿಷಯದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಮಹತ್ವದ ಅಧ್ಯಯನ ನಡೆಸಿದ್ದಾರೆ. ನಮ್ಮವೇ ಆದ ರಸಪುರಿ ಮತ್ತು ಬಾದಾಮಿ ತಳಿಗಳ ಸಿಪ್ಪೆಯನ್ನು ಪರೀಕ್ಷಿಸಿ 2007ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಒಣಗಿದ ಪ್ರತಿ ಗ್ರಾಂ ಸಿಪ್ಪೆಯಲ್ಲಿ 55ರಿಂದ 110 ಮಿಲಿಗ್ರಾಂ ಪಾಲಿಫಿನಾಲ್‌ಗಳು ಕಂಡುಬಂದವು. ಕಾಯಿಯ ಸಿಪ್ಪೆಯಲ್ಲಿ ಪಾಲಿಫಿನಾಲ್ ಅಧಿಕ. ಹಣ್ಣಿನ ಸಿಪ್ಪೆಯಲ್ಲಿ ಬಣ್ಣ ನೀಡುವ ಕ್ಯಾರೊಟಿನಾಯ್ಡ್ ಮತ್ತು ಆಂಥೋಸಯನಿನ್ ಅಧಿಕ.

ಇದೇ ಸಂಸ್ಥೆಯಿಂದ 2002ರಲ್ಲಿ ದಾಳಿಂಬೆಯ ಕುರಿತ ವರದಿ ಬಂದಿತ್ತು. ಬೀಜದ ಸಾರಕ್ಕಿಂತ ಸಿಪ್ಪೆಯ ಸಾರವೇ ಹಲವು ಪಟ್ಟು ಪ್ರಬಲ ಎಂಬುದನ್ನು ಅದು ತೋರಿಸಿತು.

ಬೇರ್ಪಡಿಸುವ ಬಗೆ

ಹೆಚ್ಚಿದ ಮಾವು ಗಾಳಿಗೆ ಕಂದುವುದನ್ನು ಎಲ್ಲರೂ ಕಂಡಿದ್ದೇವೆ. ಮಾವಿನಲ್ಲಿರುವ ಕಿಣ್ವವೊಂದು ಪಾಲಿಫಿನಾಲ್‌ಗಳನ್ನು ಉತ್ಕರ್ಷಿಸುವುದೇ ಇದಕ್ಕೆ ಕಾರಣ. ಆದ್ದರಿಂದ ತಾಜಾ ಸಿಪ್ಪೆಯನ್ನು ತೊಳೆದು, ಕೆಲ ನಿಮಿಷ ಹಬೆಗೆ ಒಡ್ಡಿ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತಾರೆ. ಅನಂತರ ಹದವಾದ ಶಾಖದಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಶಾಖ ಹೆಚ್ಚಾದರೆ ಬೇಕಾದ ವಸ್ತುವೇ ನಾಶವಾಗುತ್ತದೆ.

ಪುಡಿಯನ್ನು ದ್ರಾವಕದಲ್ಲಿ ನೆನೆಸುವುದು ಮುಂದಿನ ಹಂತ. ಪ್ರಯೋಗಾಲಯದಲ್ಲಿ ಅಸಿಟೋನ್ ಅಥವಾ ಮೆಥನಾಲ್ ಬಳಸುವುದುಂಟು; ಆಹಾರಕ್ಕೆ ನೀರು ಬೆರೆಸಿದ ಎಥನಾಲ್ ಸೂಕ್ತ. ಶ್ರವಣಾತೀತ ಶಬ್ದತರಂಗಗಳನ್ನು ಹಾಯಿಸಿದರೆ ಜೀವಕೋಶದ ಗೋಡೆಗಳು ಒಡೆದು ಕೆಲಸ ಬೇಗ ಮುಗಿಯುತ್ತದೆ. ಸೋಸಿದ ದ್ರವವನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ ದ್ರಾವಕವನ್ನು ಮರಳಿ ಪಡೆಯುತ್ತಾರೆ. ಉಳಿಯುವ ಗಟ್ಟಿ ಸಾರವೇ ಉತ್ಪನ್ನ. ಮಿಕ್ಕ ಚರಟದಿಂದ ಜಾಮ್ ತಯಾರಿಕೆಗೆ ಬೇಕಾದ ಪೆಕ್ಟಿನ್ ಕೂಡ ದೊರಕುತ್ತದೆ.

ಸಾರದ ಶಕ್ತಿ ಅಳೆಯಲು ಡಿಪಿಪಿಎಚ್ ಎಂಬ ನೇರಳೆ ದ್ರಾವಣವನ್ನು ಬಳಸುತ್ತಾರೆ. ಸಾರ ಬೆರೆತಾಗ ನೇರಳೆ ಬಣ್ಣ ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತೋ ಅಷ್ಟು ಶಕ್ತಿ.

ಉಪಯೋಗ, ಎಚ್ಚರಿಕೆ

ಎಣ್ಣೆ ಮತ್ತು ಕುರುಕಲು ತಿಂಡಿಗಳು ಕಮಟು ಹಿಡಿಯದಂತೆ ಬಿಎಚ್‌ಎ, ಬಿಎಚ್‌ಟಿ ಮುಂತಾದ ಕೃತಕ ರಾಸಾಯನಿಕಗಳನ್ನು ಸೇರಿಸುವ ರೂಢಿಯಿದೆ. ಸಿಪ್ಪೆಯ ಸಾರವನ್ನು ಅವುಗಳಿಗೆ ನೈಸರ್ಗಿಕ ಪರ್ಯಾಯವಾಗಿ ನೋಡಲಾಗುತ್ತಿದೆ. ಸಾರ ತೆಗೆಯದೆ ಪುಡಿಯನ್ನೇ ಬಳಸುವುದೂ ಸಾಧ್ಯ. ಸಿಎಫ್‌ಟಿಆರ್‌ಐ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸ್ಕತ್ತಿಗೆ ಶೇ 10ರವರೆಗೆ ಮಾವಿನ ಸಿಪ್ಪೆಯ ಪುಡಿ ಬೆರೆಸಿದರೂ ರುಚಿ ಒಪ್ಪುವಂತಿತ್ತು, ನಾರಿನಂಶವೂ ಹೆಚ್ಚಿತ್ತು.

ಹಾಗೆಂದು ಸಿಪ್ಪೆಯನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ತರವಲ್ಲ. ಗಾಜಿನ ನಳಿಕೆಯಲ್ಲಿ ಬಣ್ಣ ಮಾಸುವುದಕ್ಕೂ ದೇಹದಲ್ಲಿ ರೋಗ ತಡೆಯುವುದಕ್ಕೂ ಬಹಳ ಅಂತರವಿದೆ. ಪಾಲಿಫಿನಾಲ್‌ಗಳಲ್ಲಿ ಹೆಚ್ಚಿನವು ರಕ್ತಕ್ಕೆ ಅಲ್ಪ ಪ್ರಮಾಣದಲ್ಲಷ್ಟೇ ಸೇರುತ್ತವೆ. ಇಂಥ ಅಂಕಿಗಳು ಜಾಹೀರಾತಿಗೆ ದುರ್ಬಳಕೆಯಾಗುತ್ತಿವೆ ಎಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಆಂಟಿಆಕ್ಸಿಡೆಂಟ್ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಸಿಂಪಡಿಸಿದ ಕೀಟನಾಶಕದ ಅಂಶ ಸಿಪ್ಪೆಯ ಮೇಲೆಯೇ ಹೆಚ್ಚು ಉಳಿಯುತ್ತದೆ. ಮಾವಿನ ಸೊನೆಯಿಂದ ಕೆಲವರಿಗೆ ಚರ್ಮದ ಅಲರ್ಜಿಯೂ ಉಂಟಾಗುತ್ತದೆ.

ಉದ್ಯಮದ ಮುಂದಿರುವ ತೊಡಕುಗಳೂ ಕಡಿಮೆಯಲ್ಲ. ಮಾವಿನ ಸುಗ್ಗಿ ಕೆಲವೇ ತಿಂಗಳು; ಹಸಿ ಸಿಪ್ಪೆಯನ್ನು ದೂರಕ್ಕೆ ಸಾಗಿಸಿದರೆ ದಾರಿಯಲ್ಲೇ ಕೊಳೆಯುತ್ತದೆ; ಒಣಗಿಸಲು ಇಂಧನ ಬೇಕು. ತಿರುಳು ಕಾರ್ಖಾನೆಯ ಅಂಗಳದಲ್ಲೇ ಒಣಗಿಸುವ ವ್ಯವಸ್ಥೆ ಇದ್ದರೆ ಮಾತ್ರ ಲೆಕ್ಕ ಸರಿಹೋದೀತು. ಕಸದಿಂದ ರಸ ತೆಗೆಯುವ ವಿದ್ಯೆಯೇನೋ ನಮ್ಮ ಕೈಯಲ್ಲಿದೆ. ಆದರೆ ಕಸ ಕೊಳೆಯುವ ಮುನ್ನವೇ ಅದು ಕೆಲಸಕ್ಕೆ ಬರಬೇಕು.