ಭಾರವೆತ್ತುವ ಬಲವೂ ಕಾಳಗದ ಬಲವೂ

ಬಲವೆಂಬುದು ಒಂದೇ ವಸ್ತುವೆಂಬ ಭಾವನೆ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಬಂಡೆಯನ್ನೆತ್ತಿದ ತೋಳು ಎದುರಾಳಿಯನ್ನೂ ಕೆಡಹಬಲ್ಲುದೆಂದು ನೋಡುವವರು ಸಹಜವಾಗಿ ಎಣಿಸುವರು. ಈ ಎಣಿಕೆಯನ್ನು ಸ್ವಂತ ದೇಹವನ್ನೇ ಒಡ್ಡಿ ಒರೆಗೆ ಹಚ್ಚಿದವರಲ್ಲಿ ಪೋಲೆಂಡ್ ದೇಶದ ಮಾರಿಯುಷ್ ಪುಜಿಯಾನೋವ್‌ಸ್ಕಿಯ ಹೆಸರು ಮುಖ್ಯವಾದುದು.

ಇಂತಹ ಪರೀಕ್ಷೆ ತೀರ ಹೊಸದೇನೂ ಅಲ್ಲ. ಇಂದಿನ ಎಸ್ಟೋನಿಯಾ ದೇಶಕ್ಕೆ ಸೇರಿದ ಊರೊಂದರಲ್ಲಿ 1877ರಲ್ಲಿ ಹುಟ್ಟಿದ ಜಾರ್ಜ್ ಹಾಕೆನ್‌ಸ್ಮಿಟ್ ಮೊದಲು ಭಾರವೆತ್ತುವುದರಲ್ಲಿ ಹೆಸರಾಗಿ, ಅನಂತರ ಕುಸ್ತಿಯನ್ನು ಶ್ರದ್ಧೆಯಿಂದ ಕಲಿತು ಲೋಕಪ್ರಸಿದ್ಧನಾದನು. ಅಂತಹವನೂ 1908ರಲ್ಲಿ ಚಿಕಾಗೋ ನಗರದಲ್ಲಿ ಅಮೆರಿಕದ ಫ್ರಾಂಕ್ ಗಾಚ್‌ನೊಡನೆ ಸುಮಾರು ಎರಡು ಗಂಟೆಗಳ ಕಾಲ ಸೆಣಸಿ, ಕಡೆಗೆ ಸೋಲನ್ನು ಒಪ್ಪಿಕೊಳ್ಳಬೇಕಾಯಿತು. ದೀರ್ಘ ಕಾಳಗದಲ್ಲಿ ತೋಳಿನ ಶಕ್ತಿಯೊಂದೇ ಕಡೆಯವರೆಗೆ ಕಾಯಲಾರದೆಂಬುದು ಅಂದೇ ಕಂಡುಬಂದಿತು.

ಗುದ್ದು, ಒದೆ, ಕುಸ್ತಿಯ ಪಟ್ಟು, ಕತ್ತು ಕೀಲುಗಳ ಹಿಡಿತ ಇವೆಲ್ಲವೂ ಒಂದೇ ಕಣದಲ್ಲಿ ಸಲ್ಲುವ ಮಿಶ್ರ ಸಮರಕಲೆ ಇನ್ನೂ ಈಚಿನದು. ಅಮೆರಿಕದ ಡೆನ್ವರ್ ನಗರದಲ್ಲಿ 1993ರ ನವೆಂಬರ್ 12ರಂದು ನಡೆದ ಪಂದ್ಯಗಳಿಂದ ಅದಕ್ಕೆ ಲೋಕದಲ್ಲಿ ಪ್ರಚಾರ ದೊರೆಯಿತು. ಅಲ್ಲಿ ಸ್ಪರ್ಧಿಗಳನ್ನು ತೂಕದ ಮೇಲೆ ವಿಂಗಡಿಸಿರಲಿಲ್ಲ. ಹಾಗಿದ್ದರೂ ಗೆದ್ದವನು ಸುಮಾರು 80 ಕಿಲೋ ತೂಗುತ್ತಿದ್ದ, ಬ್ರೆಜಿಲ್ ದೇಶದ ರಾಯ್ಸ್ ಗ್ರೇಸಿ. ತನಗಿಂತ ಭಾರಿಯಾದವರನ್ನು ನೆಲಕ್ಕೆಳೆದು, ಕುತ್ತಿಗೆಯನ್ನು ಅಮುಕಿ ಆತನು ಸೋಲಿಸಿದನು. ದೇಹಪ್ರಮಾಣಕ್ಕಿಂತ ವಿದ್ಯೆ ದೊಡ್ಡದೆಂಬ ಪಾಠವು ಹೀಗೆ ಈ ಕಲೆಯ ಆರಂಭದಲ್ಲಿಯೇ ಇದ್ದಿತು.

ಪುಜಿಯಾನೋವ್‌ಸ್ಕಿ ಹುಟ್ಟಿದುದು 1977ರಲ್ಲಿ. ಲಾರಿಯನ್ನೆಳೆಯುವುದು, ಕಲ್ಲುಗುಂಡುಗಳನ್ನೆತ್ತಿ ಇಡುವುದು, ಎರಡು ಕೈಗಳಲ್ಲಿಯೂ ಭಾರವನ್ನು ಹೊತ್ತು ಓಡುವುದು ಮುಂತಾದ ಸಾಹಸಗಳ ಜಗದ್ಬಲಿಷ್ಠ ಸ್ಪರ್ಧೆಯಲ್ಲಿ ಆತನು 2002, 2003, 2005, 2007, 2008 ಹೀಗೆ ಐದು ಬಾರಿ ಅಗ್ರಸ್ಥಾನವನ್ನು ಪಡೆದನು. ಬಾಲ್ಯದಲ್ಲಿ ಕರಾಟೆಯನ್ನೂ ಕಲಿತಿದ್ದನು. 2009ರ ಡಿಸೆಂಬರಿನಲ್ಲಿ, ತನ್ನ 32ನೆಯ ವಯಸ್ಸಿನಲ್ಲಿ, ಮಿಶ್ರ ಸಮರಕಲೆಯ ಕಣಕ್ಕಿಳಿದು, ಸ್ವದೇಶದ ಮಾರ್ಚಿನ್ ನಾಯ್ಮನ್‌ನನ್ನು ಒಂದು ನಿಮಿಷ ತುಂಬುವುದಕ್ಕೆ ಮೊದಲೇ ಉರುಳಿಸಿದನು. ಬಲವೊಂದಿದ್ದರೆ ಸಾಕೆಂದವರಿಗೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಾಗಿರಲಿಲ್ಲ.

ಆದರೆ 2010ರ ಮೇ ತಿಂಗಳಲ್ಲಿ, ಹೆವಿವೆಯ್ಟ್ ವರ್ಗದ ಮಾಜಿ ಚಾಂಪಿಯನ್ ಟಿಮ್ ಸಿಲ್ವಿಯಾ ಅಮೆರಿಕದಲ್ಲಿ ಎದುರಾದಾಗ ಕಥೆ ಬೇರೆಯಾಯಿತು. ಮೊದಲ ಸುತ್ತು ಕಳೆಯುವಷ್ಟರಲ್ಲಿ ಪುಜಿಯಾನೋವ್‌ಸ್ಕಿ ಬಳಲಿದನು; ಎರಡನೆಯ ಸುತ್ತಿನಲ್ಲಿ ನೆಲಕ್ಕೆ ಬಿದ್ದು, ಗುದ್ದುಗಳನ್ನು ತಾಳಲಾರದೆ ಶರಣಾದನು. ಮರುವರ್ಷ ಇಂಗ್ಲೆಂಡಿನ ಜೇಮ್ಸ್ ಥಾಂಪ್ಸನ್ ಕುತ್ತಿಗೆಯ ಹಿಡಿತದಿಂದ ಅವನನ್ನು ಸೋಲಿಸಿದನು.

ಇದಕ್ಕೆ ಕಾರಣ ದೇಹಧರ್ಮದಲ್ಲಿಯೇ ಇರುವುದು. ಬಲಸ್ಪರ್ಧೆಯ ಒಂದೊಂದು ಸಾಹಸವೂ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟರ ಮಟ್ಟಿಗೆ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಶಕ್ತಿಯನ್ನು ವೆಚ್ಚಮಾಡಿ ನಡೆಸಬಲ್ಲವು. ಐದೈದು ನಿಮಿಷಗಳ ಸುತ್ತುಗಳಲ್ಲಿಯಾದರೋ ಉಸಿರಿನ ಮೂಲಕ ಪ್ರಾಣವಾಯು ಎಡೆಬಿಡದೆ ಒದಗಬೇಕು. ಸ್ನಾಯು ದೊಡ್ಡದಾದಷ್ಟೂ ಅದರ ಬೇಡಿಕೆ ಹೆಚ್ಚು. ಗರಡಿಯವರು ದಮ್ಮು ಎನ್ನುವುದು ಇದನ್ನೇ. ಅಲ್ಲದೆ, ಕಲ್ಲುಗುಂಡು ಎತ್ತುವವನಿಗೆ ಎದುರು ಪಟ್ಟು ಹಾಕುವುದಿಲ್ಲ, ಮನುಷ್ಯನು ಹಾಕುತ್ತಾನೆ.

ಸೋತವನು ಹಿಂದಿನ ಕೀರ್ತಿಯ ನೆರಳಿಗೆ ಮರಳಿ ಸುಖವಾಗಿರಬಹುದಾಗಿತ್ತು. ಪುಜಿಯಾನೋವ್‌ಸ್ಕಿ ಹಾಗೆ ಮಾಡಲಿಲ್ಲ. ಮೈಯ ಭಾರವನ್ನು ಇಳಿಸಿ, ನೆಲದ ಮೇಲಿನ ಕುಸ್ತಿಯನ್ನು ಕಲಿತು, ವರ್ಷಗಟ್ಟಲೆ ಕಣಕ್ಕೆ ಮರಳಿ ಬಂದನು. 2021ರಲ್ಲಿ ಸೆನೆಗಲ್ ದೇಶದ ಮಹಾಕಾಯ ಜಟ್ಟಿ ಬಾಂಬಾರ್ಡಿಯರ್‌ನನ್ನು 18 ಸೆಕೆಂಡುಗಳಲ್ಲಿ ಕೆಡಹಿದನು. 2022ರ ಡಿಸೆಂಬರಿನಲ್ಲಿ, ಬಹಳ ಕಡಮೆ ತೂಕದ ವರ್ಗದಲ್ಲಿ ಹೆಸರಾಗಿದ್ದ ಮಾಮೆದ್ ಖಾಲಿದೋವ್‌ಗೆ ಎರಡು ನಿಮಿಷಗಳೊಳಗೆ ಸೋತನು. ಹದಿಮೂರು ವರ್ಷಗಳ ಅಭ್ಯಾಸದ ತರುವಾಯವೂ ಚತುರನಾದ ಹಗುರ ಮಲ್ಲನ ಮುಂದೆ ಭಾರವು ರಕ್ಷಣೆಯಾಗಲಿಲ್ಲ.

2025ರ ಏಪ್ರಿಲಿನಲ್ಲಿ ಇಬ್ಬರು ಜಗದ್ಬಲಿಷ್ಠರೇ ಎದುರುಬದುರಾದರು. 2016ರಲ್ಲಿ 500 ಕಿಲೋ ಭಾರವನ್ನು ನೆಲದಿಂದೆತ್ತಿ, 2017ರಲ್ಲಿ ಬಲಿಷ್ಠ ಪದವಿಯನ್ನು ಗೆದ್ದಿದ್ದ ಇಂಗ್ಲೆಂಡಿನ ಎಡ್ಡೀ ಹಾಲ್, 48 ವರ್ಷದ ಪುಜಿಯಾನೋವ್‌ಸ್ಕಿಯನ್ನು ಅರ್ಧ ನಿಮಿಷದಲ್ಲಿ ಸೋಲಿಸಿದನು. ಕೊನೆಗೆ ಬಲವೇ ಗೆದ್ದಿತೆಂದು ಇದರಿಂದ ಸಾಧಿಸಲು ಹೊರಡುವುದು ಆತುರವಾದೀತು. ಕಾಳಗದ ಮೊದಲ ನಿಮಿಷದಲ್ಲಿ ಬಲಕ್ಕೆ ಬಹುದೊಡ್ಡ ಪಾಲುಂಟು. ಅದನ್ನು ದಾಟಿದ ಮೇಲೆ ಉಸಿರೂ ವಿದ್ಯೆಯೂ ತಮ್ಮ ಪಾಲನ್ನು ಕೇಳುವುವು. ಪುಜಿಯಾನೋವ್‌ಸ್ಕಿಯ ಗೆಲವು ಸೋಲುಗಳೆರಡೂ ಇದಕ್ಕೆ ಸಾಕ್ಷಿ.

ಆತನ ಚರಿತ್ರೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಒಂದು ವಿದ್ಯೆಯಲ್ಲಿ ಲೋಕವೇ ಒಪ್ಪಿದ ಒಡೆಯನಾಗಿದ್ದವನು ಇನ್ನೊಂದರಲ್ಲಿ ಎಲ್ಲರೂ ನೋಡುತ್ತಿರುವಂತೆ ಕಿರಿಯ ವಿದ್ಯಾರ್ಥಿಯಾಗಿ ನಿಲ್ಲಲು ಒಪ್ಪಿದನು. ಲಾರಿಯನ್ನೆಳೆಯುವ ತೋಳಿಗಿಂತ ಆ ಒಪ್ಪಿಗೆಗೆ ಬೇಕಾದ ಬಲ ಕಡಮೆಯದಲ್ಲ.