ರೈಲು ಪ್ರಯಾಣಿಕರು ತಿಳಿದಿರಬೇಕಾದ ನಿಯಮಗಳು ಮತ್ತು ಹಕ್ಕುಗಳು

ಮುಂಬಯಿಗೆ ಮತ್ಸ್ಯಗಂಧ, ಬೆಂಗಳೂರಿಗೆ ಘಾಟಿಯ ರಾತ್ರಿ ರೈಲು, ಆಗಸ್ಟ್ ಕೊನೆಗೆ ವೆಲಂಕಣಿ ಯಾತ್ರೆ. ಕರಾವಳಿಯ ಕುಟುಂಬಗಳಿಗೆ ರೈಲು ಹೊಸತಲ್ಲ. ಆದರೂ ಟಿಕೆಟ್ ಪಡೆದವರಿಗೆ ಕಾನೂನು ಏನೇನು ಕೊಟ್ಟಿದೆ ಎಂಬುದು ಹೆಚ್ಚಿನವರಿಗೆ ತೊಂದರೆ ಬಂದ ಮೇಲೆಯೇ ತಿಳಿಯುತ್ತದೆ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಒಂದು ಫಾರ್ಮಿನಲ್ಲಿ ಆರು ಹೆಸರು ಮಾತ್ರ, ತತ್ಕಾಲ್‌ನಲ್ಲಿ ನಾಲ್ಕು. ಧರ್ಮಕೇಂದ್ರದ ತಂಡಕ್ಕೆ ಟಿಕೆಟ್ ಮಾಡಿಸುವ ಗುರಿಕಾರರು ಒಂದು ವಿಷಯವನ್ನು ಗಮನಿಸಬೇಕು. ಕನ್‌ಫರ್ಮ್ ಆದ ಟಿಕೆಟನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರ ಹೆಸರಿಗೆ ರೈಲು ಹೊರಡುವ 24 ಗಂಟೆ ಮೊದಲು ಅರ್ಜಿ ಕೊಟ್ಟು ಒಮ್ಮೆ ಬದಲಾಯಿಸಬಹುದು. ಮದುವೆ ದಿಬ್ಬಣಕ್ಕೆ ಮತ್ತು ಶಾಲಾ ತಂಡಕ್ಕೆ ಪ್ರತ್ಯೇಕ ಸೌಲಭ್ಯವಿದೆ. ಯಾತ್ರಾ ತಂಡ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ "ಹೆಸರು ಆಮೇಲೆ ಬದಲಾಯಿಸೋಣ" ಎಂದು ಯಾರದ್ದೋ ಹೆಸರಿನಲ್ಲಿ ಸೀಟು ಹಿಡಿದಿಡಬೇಡಿ.

ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಆದರೆ 60 ದಾಟಿದ ಪುರುಷರು, 45 ದಾಟಿದ ಮಹಿಳೆಯರು ಮತ್ತು ಗರ್ಭಿಣಿಯರಿಗೆ ಕೆಳಗಿನ ಬರ್ತ್ ಕೊಡುವ ಕೋಟಾ ಇದೆ. ವಯಸ್ಸನ್ನು ಸರಿಯಾಗಿ ಬರೆಯಿರಿ. ವೆಯ್ಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವ ಹಾಗಿಲ್ಲ, ಅದು ಕೌಂಟರಿನಲ್ಲಿ ಕೊಂಡದ್ದಾದರೂ ಸರಿ. ಆರ್.ಎ.ಸಿ. ಆದರೆ ಹತ್ತಬಹುದು, ಕುಳಿತುಕೊಳ್ಳಲು ಸ್ಥಳ ಸಿಗುತ್ತದೆ.

ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಕುಸಿತದ ಭಯದಿಂದ ವೇಗ ತಗ್ಗಿಸುವುದರಿಂದ ಉಡುಪಿ, ಕುಂದಾಪುರದಲ್ಲಿ ರೈಲಿನ ಸಮಯವೇ ಬದಲಾಗುತ್ತದೆ. ಹಳೆಯ ಸಮಯ ನಂಬಿ ಹೋದವರಿಗೆ ರೈಲು ತಪ್ಪಿದರೆ ಹಣ ವಾಪಸಿಲ್ಲ. ರೈಲೇ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಕೈಬಿಟ್ಟರೆ ಪೂರ್ತಿ ಹಣ ಸಿಗುತ್ತದೆ. ಆದರೆ ರೈಲು ನಿಜವಾಗಿ ಹೊರಡುವ ಮೊದಲೇ ಕೌಂಟರ್ ಟಿಕೆಟನ್ನು ಹಿಂದಿರುಗಿಸಬೇಕು. ಇ-ಟಿಕೆಟ್ ಆದರೆ ಆನ್‌ಲೈನ್‌ನಲ್ಲಿ ಟಿ.ಡಿ.ಆರ್. ಸಲ್ಲಿಸಬೇಕು.

ಪ್ರಯಾಣದ ನಡುವೆ ಅನಾರೋಗ್ಯ, ಕಿರುಕುಳ, ಕಳವು, ನೀರಿಲ್ಲದ ಶೌಚಾಲಯ, ಯಾವುದಕ್ಕೂ 139ಕ್ಕೆ ಕರೆ ಮಾಡಿ. ಪಿ.ಎನ್.ಆರ್. ಸಂಖ್ಯೆ, ಬೋಗಿ, ಸೀಟು ಹೇಳಿದರೆ ಸಾಕು. ಕಳವಾದರೆ ದೂರು ಕೊಡಲು ನಡುದಾರಿಯಲ್ಲಿ ಇಳಿಯಬೇಕಾಗಿಲ್ಲ; ಟಿ.ಟಿ.ಇ. ಬಳಿ ಫಾರ್ಮ್ ಕೇಳಿ ತುಂಬಿಕೊಡಿ. ಮಧ್ಯದ ಬರ್ತ್ ಬಿಡಿಸಿಡಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಅವಕಾಶ. ಹೆಚ್ಚಿನ ಜಗಳ ಶುರುವಾಗುವುದು ಇಲ್ಲಿಂದಲೇ!

ಕಾಕತಾಳೀಯವೆಂದರೆ 1989ರ ರೈಲ್ವೆ ಕಾಯ್ದೆಯ 139ನೇ ಕಲಮು ಕೂಡ ನೆನಪಿಡಬೇಕಾದದ್ದೇ. ಪುರುಷರ ಜೊತೆಯಿಲ್ಲದೆ ಪ್ರಯಾಣಿಸುವ ಮಹಿಳೆ ಅಥವಾ ಮಗುವಿನ ಬಳಿ ಟಿಕೆಟ್ ಇಲ್ಲದೆ, ದಂಡ ಕಟ್ಟಲೂ ಆಗದಿದ್ದರೆ, ರಾತ್ರಿ ಹೊತ್ತು ಅವರನ್ನು ಕೆಳಗಿಳಿಸುವಂತಿಲ್ಲ. ಹಗಲಿನಲ್ಲಿ ಕೂಡ ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು. ದೂರದ ಊರಿನಲ್ಲಿ ಓದುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಿ.

ಪರಿಹಾರದ ವಿಷಯದಲ್ಲಿ ನಮ್ಮವರು ಕಳೆದುಕೊಳ್ಳುವುದೇ ಹೆಚ್ಚು. ಚಲಿಸುವ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಪ್ರಯಾಣಿಕರು ಸತ್ತರೆ, "ಬಾಗಿಲಲ್ಲಿ ನಿಂತದ್ದು ಅವನದೇ ತಪ್ಪು" ಎಂದು ಮನೆಯವರು ಸುಮ್ಮನಾಗುತ್ತಾರೆ. ಕಾಯ್ದೆಯ 124-ಎ ಕಲಮಿನಂತೆ ತಪ್ಪು ಯಾರದೆಂಬ ಪ್ರಶ್ನೆ ಬರುವುದಿಲ್ಲ. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ಅಪರಾಧ ಕೃತ್ಯ, ಅಮಲು ಮೊದಲಾದ ಕೆಲವು ಕಾರಣಗಳಿಗೆ ಮಾತ್ರ ಪರಿಹಾರವಿಲ್ಲ. 2017ರಿಂದ ಮರಣ ಪರಿಹಾರ 8 ಲಕ್ಷ ರೂಪಾಯಿ. ಮೃತರ ಬಳಿ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟು ರೀನಾ ದೇವಿ ಪ್ರಕರಣದಲ್ಲಿ ಹೇಳಿದೆ. ಪ್ಲಾಟ್‌ಫಾರ್ಮ್ ಟಿಕೆಟ್ ಪಡೆದು ಬಿಡಲು ಬಂದವರಿಗೂ ಈ ರಕ್ಷಣೆಯಿದೆ. ಹಳಿ ದಾಟುವಾಗ ಸತ್ತವರಿಗೆ ಇಲ್ಲ.

ಇದಲ್ಲದೆ ಇ-ಟಿಕೆಟ್ ಮಾಡುವಾಗ ಪೈಸೆಗಳ ಲೆಕ್ಕದಲ್ಲಿ ಸಿಗುವ ವಿಮೆಯನ್ನು ಆರಿಸಿಕೊಂಡು ನಾಮಿನಿಯ ಹೆಸರು ತುಂಬಿ. ಇದು ರೈಲ್ವೆಯ ಪರಿಹಾರಕ್ಕಿಂತ ಬೇರೆ.

ಪರಿಹಾರದ ಅರ್ಜಿಯನ್ನು ಘಟನೆ ನಡೆದ ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಸಲ್ಲಿಸಬೇಕು. ಅದರ ಪೀಠ ಬೆಂಗಳೂರಿನಲ್ಲಿದೆ. ಅವಘಡ ದೂರದ ರಾಜ್ಯದಲ್ಲಿ ನಡೆದಿದ್ದರೂ ಅರ್ಜಿದಾರರು ವಾಸವಿರುವ ಸ್ಥಳದ ಪೀಠದಲ್ಲೇ ಹಾಕಬಹುದು. ಎಫ್.ಐ.ಆರ್., ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಟಿಕೆಟ್ ಅಥವಾ ಅದರ ಎಸ್ಸೆಮ್ಮೆಸ್, ವಾರಸುದಾರರ ದಾಖಲೆ ಇವುಗಳ ಪ್ರತಿಗಳನ್ನು ಮೊದಲ ವಾರದಲ್ಲೇ ಸಂಗ್ರಹಿಸಿಡಿ.